ತೂಕ ಬರೆದಿಟ್ಟವರು, ಬರೆಯದೆ ಉಳಿದವರು

ಮೈಸೂರಿನ ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನು ಹಳೆಯ ಕಾಲದವರು ಇವತ್ತಿಗೂ ಮಿಷನ್ ಆಸ್ಪತ್ರೆ ಎಂದೇ ಕರೆಯುತ್ತಾರೆ. ವೆಸ್ಲಿಯನ್ ಮಿಷನ್ನಿನವರು 1906ರಲ್ಲಿ ತೆರೆದದ್ದು. ಅಲ್ಲಿ 1934ರಿಂದ ಒಂದು ರೂಢಿ ಬೆಳೆಯಿತು. ಹೆರಿಗೆಯಾದ ಕೂಡಲೇ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಾಖಲೆಯಲ್ಲಿ ಬರೆದಿಡುವುದು. ಬರೆದವರು ಹೆರಿಗೆ ವಾರ್ಡಿನವರು. ಅವರ ಮನಸ್ಸಿನಲ್ಲಿ ಸಂಶೋಧನೆ ಇರಲಿಲ್ಲ, ದಿನದ ಕೆಲಸ ಅಷ್ಟೇ. ಅರವತ್ತು ವರ್ಷದ ಮೇಲೆ ಆ ಪೌಂಡು ಔನ್ಸುಗಳ ಲೆಕ್ಕ ಸಕ್ಕರೆ ಕಾಯಿಲೆಯ ಬಗ್ಗೆ ಜಗತ್ತು ಯೋಚಿಸುವ ರೀತಿಯನ್ನು ಒಂದಿಷ್ಟು ಬದಲಾಯಿಸುತ್ತದೆಂದು ಯಾರು ತಾನೇ ಊಹಿಸಿದ್ದರು?

ನಾನು ಇತಿಹಾಸದ ವಿದ್ಯಾರ್ಥಿನಿ. ಆಸ್ಪತ್ರೆಗಳ ದಾಖಲೆಗಳು ನನ್ನ ಸಂಶೋಧನೆಯ ವಿಷಯ. ನಮ್ಮಲ್ಲಿ ಇತಿಹಾಸವೆಂದರೆ ಶಾಸನ, ಕೈಫಿಯತ್ತು, ದಿವಾನರ ಪತ್ರಗಳು. ಹೆರಿಗೆ ವಾರ್ಡಿನ ಪುಸ್ತಕವನ್ನು ಯಾರೂ ಆಕರವೆಂದು ಎಣಿಸುವುದಿಲ್ಲ. ಎಣಿಸಿದವರು ವೈದ್ಯರು, ಅದೂ ಇಂಗ್ಲೆಂಡಿನಲ್ಲಿ. ಹರ್ಟ್‌ಫರ್ಡ್‌ಶೈರ್‌ ಜಿಲ್ಲೆಯಲ್ಲಿ ಎಥೆಲ್ ಮಾರ್ಗರೆಟ್ ಬರ್ನ್‌ಸೈಡ್ ಎಂಬ ಮುಖ್ಯ ದಾದಿಯ ಉಸ್ತುವಾರಿಯಲ್ಲಿ 1911ರಿಂದ ಮಕ್ಕಳ ತೂಕ ಬರೆದಿಡುತ್ತಿದ್ದರು. ಸೌತಾಂಪ್ಟನ್ನಿನ ಡೇವಿಡ್ ಬಾರ್ಕರ್ ಆ ಪುಸ್ತಕಗಳನ್ನು ಹುಡುಕಿ ತೆಗೆದು, ಅದರಲ್ಲಿದ್ದ ಶಿಶುಗಳು ಮುಂದೆ ಏನಾದರೆಂದು ಪತ್ತೆ ಹಚ್ಚಿದರು. ಮೊದಲ ವರ್ಷದಲ್ಲಿ ಸಣ್ಣಗಿದ್ದವರೇ ಹೃದಯದ ಕಾಯಿಲೆಯಿಂದ ಹೆಚ್ಚು ಸತ್ತಿದ್ದರು ಎಂಬ ಅವರ ಲೇಖನ 1989ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಇಂಥ ಹಳೆಯ ದಾಖಲೆ ಬಡದೇಶಗಳಲ್ಲಿ ಎಲ್ಲಾದರೂ ಇದೆಯೇ ಎಂದು ಹುಡುಕಿದವರಿಗೆ ಮೈಸೂರಿನ ಮಿಷನ್ ಆಸ್ಪತ್ರೆ ಸಿಕ್ಕಿತು.

ಹುಡುಕಾಟದ ವಿಧಾನ ನನಗೆ ಬಲು ಇಷ್ಟ. ಆಸ್ಪತ್ರೆಯ ಸುತ್ತಮುತ್ತಲ ಬೀದಿಗಳಲ್ಲಿ ಮನೆಮನೆಗೆ ಹೋಗಿ, ಇಲ್ಲೇ ಹುಟ್ಟಿದವರು ಯಾರಾದರೂ ಇದ್ದಾರೆಯೇ ಎಂದು ಕೇಳುವುದು, ಅವರನ್ನು ಹಳೆಯ ದಾಖಲೆಗೆ ಹೊಂದಿಸುವುದು. ಹೀಗೆ 1934ರಿಂದ 1954ರ ನಡುವೆ ಹುಟ್ಟಿದ 517 ಮಂದಿಯನ್ನು ಪರೀಕ್ಷಿಸಿದ ಫಲಿತಾಂಶ 1996ರಲ್ಲಿ ಪ್ರಕಟವಾಯಿತು. ಹುಟ್ಟಿದಾಗ ಐದೂವರೆ ಪೌಂಡು ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ಶೇ. 11 ಮಂದಿಗೆ ಹೃದಯದ ಕಾಯಿಲೆ; ಏಳು ಪೌಂಡಿಗಿಂತ ಹೆಚ್ಚಿದ್ದವರಲ್ಲಿ ಶೇ. 3. ಇಂಗ್ಲೆಂಡಿನ ಕತೆಯೇ ಇಲ್ಲೂ ಎಂದುಕೊಂಡರು. ಆದರೆ 1998ರಲ್ಲಿ ಬಂದ ಸಕ್ಕರೆ ಕಾಯಿಲೆಯ ಲೆಕ್ಕ ತಿರುವು ಕೊಟ್ಟಿತು. ಪರೀಕ್ಷಿಸಿದವರಲ್ಲಿ ಶೇ. 15 ಮಂದಿಗೆ ಕಾಯಿಲೆ ಇತ್ತು. ಅವರು ಬರೀ ಕಡಿಮೆ ತೂಕದ ಕೂಸುಗಳಾಗಿರಲಿಲ್ಲ. ಉದ್ದಕ್ಕೆ ಹೋಲಿಸಿದರೆ ದುಂಡಗಿದ್ದ, ತೂಕದ ತಾಯಂದಿರಿಗೆ ಹುಟ್ಟಿದ ಕೂಸುಗಳಾಗಿದ್ದವು. ಹಾಗಾದರೆ ಆ ತಾಯಂದಿರಿಗೇ ಬಸಿರಿನಲ್ಲಿ ಸಕ್ಕರೆ ಏರಿತ್ತೇ? ಏರಿದ ಸಕ್ಕರೆ ಹೊಕ್ಕುಳಬಳ್ಳಿಯ ಮೂಲಕ ಮಗುವಿಗೆ ಹೋಗುತ್ತದೆ, ಮಗುವಿನ ಮೇದೋಜೀರಕ ಗ್ರಂಥಿ ತಾನೇ ಹೆಚ್ಚು ಇನ್ಸುಲಿನ್ ಸುರಿಸುತ್ತದೆ, ಮೈಯಲ್ಲಿ ಕೊಬ್ಬು ಕೂರುತ್ತದೆ. ಊಹೆ ಚೆನ್ನಾಗಿತ್ತು. ಆದರೆ 1934ರಲ್ಲಿ ಬಸುರಿಯ ಸಕ್ಕರೆಯನ್ನು ಯಾರೂ ಅಳೆದಿರಲಿಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ಆ 517 ಮಂದಿ ಪಟ್ಟಣದವರು, ಆಸ್ಪತ್ರೆಯ ಹತ್ತಿರದಲ್ಲೇ ಉಳಿದವರು. ನಮ್ಮ ಕಡೆಯವರು ಆ ಲೆಕ್ಕದಲ್ಲಿ ಇಲ್ಲ. ನನ್ನ ಅಜ್ಜಿ ಹುಟ್ಟಿದ್ದು ಪಿರಿಯಾಪಟ್ಟಣದ ಕಡೆ ಒಂದು ಹಳ್ಳಿಯಲ್ಲಿ, ಸೂಲಗಿತ್ತಿಯ ಕೈಯಲ್ಲಿ. ಹುಟ್ಟಿದ ದಿನ ಕೇಳಿದರೆ "ಮಾರಿಹಬ್ಬ ಕಳೆದು ಎಂಟನೇ ದಿನ" ಎನ್ನುತ್ತಿದ್ದಳು, ವರ್ಷ ಯಾವುದೆಂದು ಮಾರಮ್ಮನೇ ಹೇಳಬೇಕು. ಅವಳ ತೂಕ ಅಳೆದ ತಕ್ಕಡಿ ಯಾವುದೂ ಇಲ್ಲ. ಕೊನೆಗಾಲಕ್ಕೆ ಕಾಲಿನ ಗಾಯ ಮಾಯದೆ ಹೋದಾಗ ಸಕ್ಕರೆ ಕಾಯಿಲೆ ಗೊತ್ತಾಯಿತು. ನಮ್ಮ ಮನೆ ಹುಣಸೂರು ತಾಲ್ಲೂಕಿನಲ್ಲಿ. ದೊಡ್ಡಮ್ಮನನ್ನು ಕೊಟ್ಟಿದ್ದು ಕೆ.ಆರ್. ನಗರದ ನಾಲೆ ಬಯಲಿಗೆ, ಚಿಕ್ಕಮ್ಮನನ್ನು ಎಚ್.ಡಿ. ಕೋಟೆಗೆ. ಭತ್ತದ ಬಯಲಿನ ದೊಡ್ಡಮ್ಮನಿಗೂ ರಾಗಿ ಸೀಮೆಯ ಚಿಕ್ಕಮ್ಮನಿಗೂ ಈಗ ಒಂದೇ ಮಾತ್ರೆ. ಅಕ್ಕಿ ತಿಂದು ಬಂತು ಎಂಬ ನಮ್ಮೂರ ವಿವರಣೆ ಅಷ್ಟಕ್ಕೇ ಸೋಲುತ್ತದೆ.

ಬಸಿರಿನ ಸಕ್ಕರೆಯ ಊಹೆಯನ್ನು ಪರೀಕ್ಷಿಸಲು ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಪಾರ್ಥೆನಾನ್ ಅಧ್ಯಯನ ಶುರುವಾಯಿತು. ಸೌತಾಂಪ್ಟನ್ನಿನ ಕ್ಯಾರೊಲಿನ್ ಫಾಲ್, ಮೈಸೂರಿನ ಜಿ.ವಿ. ಕೃಷ್ಣವೇಣಿ ಮುಂತಾದವರು ಅದನ್ನು ಮುನ್ನಡೆಸಿದರು. ಈ ಸಲ ಹೆಂಗಸರನ್ನು ಕೇಳಿಯೇ ಸೇರಿಸಿಕೊಂಡರು. ಕೇಳಿದ್ದು ಸಣ್ಣ ಸಂಗತಿಯಲ್ಲ. ಏಳು ತಿಂಗಳ ಬಸುರಿ ಬರಿಹೊಟ್ಟೆಯಲ್ಲಿ ಬರಬೇಕು, 100 ಗ್ರಾಂ ಗ್ಲೂಕೋಸ್ ಕರಗಿಸಿದ ನೀರು ಕುಡಿಯಬೇಕು, ಮೂರು ಗಂಟೆ ಕೂರಬೇಕು, ಮತ್ತೆ ಮತ್ತೆ ಸೂಜಿ ಚುಚ್ಚಿಸಿಕೊಳ್ಳಬೇಕು. ಆ ನೀರು ಕುಡಿದವರಿಗೆ ಗೊತ್ತು, ಅರ್ಧ ಲೋಟಕ್ಕೇ ಹೊಟ್ಟೆ ತೊಳಸುತ್ತದೆ. ಹೀಗೆ ಪರೀಕ್ಷೆ ಮಾಡಿಸಿಕೊಂಡವರಲ್ಲಿ ಶೇ. 6ರಷ್ಟು ಮಂದಿಗೆ ಬಸಿರಿನ ಸಕ್ಕರೆ ಕಾಯಿಲೆ ಇತ್ತು. ಐದು ವರ್ಷದ ನಂತರ ಅದೇ ತಾಯಂದಿರನ್ನು ಕರೆದು ನೋಡಿದಾಗ, ಆಗ ಸಕ್ಕರೆ ಇದ್ದವರಲ್ಲಿ ಶೇ. 37 ಮಂದಿಗೆ ಕಾಯಿಲೆ ನೆಲೆಯೂರಿತ್ತು, ಇಲ್ಲದವರಲ್ಲಿ ಶೇ. 2 ಮಂದಿಗೆ ಮಾತ್ರ. ಮಕ್ಕಳೂ ಬಂದರು. ಸಕ್ಕರೆ ಇದ್ದ ತಾಯಂದಿರ ಮಕ್ಕಳು ಒಂಬತ್ತು ಹತ್ತನೇ ವಯಸ್ಸಿಗೆ ಹೆಚ್ಚು ಕೊಬ್ಬು, ಹೆಚ್ಚು ಇನ್ಸುಲಿನ್ ಪ್ರತಿರೋಧ ಹೊತ್ತಿದ್ದರು.

ಅದೇ ರಕ್ತದಿಂದ ಇನ್ನೊಂದು ವಿಷಯವೂ ಹೊರಬಿತ್ತು. ಶೇ. 43 ಮಂದಿಗೆ ಬಿ12 ಜೀವಸತ್ವ ಕಡಿಮೆ ಇತ್ತು. ಸರ್ಕಾರ ಬಸುರಿಯರಿಗೆ ಕೊಡುವ ಕಬ್ಬಿಣದ ಮಾತ್ರೆಯಲ್ಲಿ ಫೋಲಿಕ್ ಆಮ್ಲವಿದೆ, ಬಿ12 ಇಲ್ಲ. ಇಪ್ಪತ್ತೈದು ವರ್ಷದ ಕೆಳಗೆ ಮೂರು ಗಂಟೆ ಬೆಂಚಿನ ಮೇಲೆ ಕೂತ ಹೆಂಗಸರಿಂದಾಗಿ ತಿಳಿದದ್ದು ಇದು. ಅವರಲ್ಲಿ ಎಷ್ಟು ಜನಕ್ಕೆ ತಮ್ಮ ರಕ್ತ ಏನು ಹೇಳಿತೆಂದು ಕನ್ನಡದಲ್ಲಿ ಓದಲು ಸಿಕ್ಕಿರಬಹುದು ಎಂದು ನಾನು ಆಗಾಗ ಯೋಚಿಸುತ್ತೇನೆ.

ಇದುವರೆಗೆ ಹೇಳಿದ್ದೆಲ್ಲ ನೋಡಿ ಬರೆದುಕೊಳ್ಳುವ ಅಧ್ಯಯನ. ಯಾರಿಗೂ ಏನನ್ನೂ ಕೊಟ್ಟು ನೋಡಲಿಲ್ಲ. ಕೊಟ್ಟು ನೋಡುವುದು ಟ್ರಯಲ್. ಮೈಸೂರಿನ ಗ್ರಾಮಾಂತರಕ್ಕೆ ಅದು ಬಂದದ್ದು ಇತ್ತೀಚೆಗೆ. ಭಾರತ, ಚೀನಾ, ಕೆನಡಾ, ದಕ್ಷಿಣ ಆಫ್ರಿಕಾಗಳಲ್ಲಿ ಒಟ್ಟಿಗೆ ನಡೆಯುವ ಯೋಜನೆಯ ಭಾರತದ ಭಾಗಕ್ಕೆ ಐನ್‌ಸ್ಟೈನ್ ಎಂದು ಹೆಸರು (ವಿಜ್ಞಾನಿಗೂ ಇದಕ್ಕೂ ಸಂಬಂಧವಿಲ್ಲ, ಉದ್ದನೆಯ ಇಂಗ್ಲಿಷ್ ಹೆಸರಿನ ಅಕ್ಷರಗಳನ್ನು ಜೋಡಿಸಿದ್ದು). 2021ರಲ್ಲಿ ಪ್ರಕಟವಾದ ಅದರ ರೂಪುರೇಷೆಯ ಪ್ರಕಾರ ಸುಮಾರು 6000 ಮದುವೆಯಾದ ಹೆಂಗಸರು, ಮೂರು ಗುಂಪು, ಗುಂಪಿಗೆ 35 ಹಳ್ಳಿ. ಒಂದು ಗುಂಪಿನ ಹಳ್ಳಿಗಳಲ್ಲಿ ಬಸಿರಾಗುವ ಮುಂಚಿನಿಂದಲೇ ಪೋಷಣೆ, ಮನಸ್ಸಿನ ಆರೋಗ್ಯ, ಶುಚಿತ್ವ, ಒಲೆಯ ಹೊಗೆಯ ಬಗ್ಗೆ ನೆರವು. ಇನ್ನೊಂದರಲ್ಲಿ ಬಸಿರಾದ ಮೇಲೆ. ಮೂರನೆಯದು ಹೋಲಿಕೆಗೆ. ಹುಟ್ಟುವ ಮಗುವಿಗೆ ಐದು ವರ್ಷವಾದಾಗ ಮೈಯಲ್ಲಿ ಎಷ್ಟು ಕೊಬ್ಬಿದೆ ಎಂದು ಅಳೆಯುತ್ತಾರೆ. 1934ರ ತೂಕದ ಪುಸ್ತಕ ಕೇಳಿದ ಪ್ರಶ್ನೆಗೆ ಉತ್ತರ ಹುಡುಕುತ್ತ ವಿಜ್ಞಾನ ಹೀಗೆ ಹೆರಿಗೆ ವಾರ್ಡಿನಿಂದ ಹಿಂದಕ್ಕೆ ನಡೆದು, ಇನ್ನೂ ಬಸಿರೇ ಆಗದ ಹೆಣ್ಣಿನ ಹೊಸಿಲಿಗೆ ಬಂದು ನಿಂತಿದೆ.

ಟ್ರಯಲ್ ಎಂಬುದಕ್ಕೆ ಕನ್ನಡದಲ್ಲಿ ಪ್ರಯೋಗ ಎನ್ನುತ್ತೇವೆ. ನಮ್ಮ ಕಡೆ ಪ್ರಯೋಗ ಎಂದರೆ ಮಾಟ ಮಾಡಿಸುವುದು ಎಂಬ ಅರ್ಥವೂ ಇದೆ. ಆ ಅನುಮಾನಕ್ಕೆ ಕಾರಣವೇ ಇಲ್ಲವೆನ್ನಲಾಗದು. 1985ರಲ್ಲಿ ಹೈದರಾಬಾದಿನ ಹತ್ತಿರದ ಪಟಾನ್‌ಚೆರುವಿನಲ್ಲಿ ನೆಟ್-ಎನ್ ಎಂಬ ಹಾರ್ಮೋನ್ ಚುಚ್ಚುಮದ್ದಿನ ಟ್ರಯಲ್‌ಗೆ ಹಳ್ಳಿಯ ಹೆಂಗಸರನ್ನು ಸರಿಯಾಗಿ ತಿಳಿಸದೆ ಕರೆತಂದಿದ್ದರೆಂದು ಸ್ತ್ರೀ ಶಕ್ತಿ ಸಂಘಟನೆಯವರು ಪ್ರತಿಭಟಿಸಿದರು. ಮರುವರ್ಷ ವಿಷಯ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಕಾನೂನು ನಿಧಾನವಾಗಿ ಬಂತು: 2007ರಲ್ಲಿ ಟ್ರಯಲ್‌ಗಳ ರಾಷ್ಟ್ರೀಯ ನೋಂದಣಿ, 2013ರಲ್ಲಿ ಹಾನಿಯಾದರೆ ಪರಿಹಾರದ ನಿಯಮ, 2019ರಲ್ಲಿ ಹೊಸ ನಿಯಮಾವಳಿ. ಕಾಗದದ ಮೇಲೆ ಎಲ್ಲವೂ ಇದೆ. ಕಾಗದ ಮನೆಯ ಜಗಲಿಗೆ ಬಂದಾಗ ಏನಾಗುತ್ತದೆ ಎಂಬುದು ಬೇರೆ.

ನಮ್ಮ ಮನೆಗೂ ಬಂತು. ಯಾವ ಸಂಸ್ಥೆಯ ಅಧ್ಯಯನ ಎಂಬುದು ಇಲ್ಲಿ ಬೇಡ. ಅಣ್ಣನ ಮದುವೆಯಾಗಿ ಎರಡು ವರ್ಷ, ಇನ್ನೂ ಮಕ್ಕಳಾಗಿರಲಿಲ್ಲ. ಪಕ್ಕದ ಬೀದಿಯ ಹೆಂಗಸೊಬ್ಬಳು ಆ ತಂಡದಲ್ಲಿ ಕೆಲಸಕ್ಕೆ ಸೇರಿದ್ದಳು. ಅವಳೇ ಫಾರಂ ಹಿಡಿದು ಬಂದಳು. ಅವ್ವನಿಗೆ ಸಿಟ್ಟು. "ಮಕ್ಳಾಗದೆ ಇರೋರ ಲಿಸ್ಟ್ ಮಾಡ್ತಾವ್ರೆ, ನಮ್ಮನೆ ಹೆಸ್ರು ಯಾಕ್ ಸೇರ್ಬೇಕು?" ನೀತಿ ಸಮಿತಿಗಳ ಕಡತಗಳಲ್ಲಿ ಈ ಬಗೆಯ ಹಾನಿಗೆ ಹೆಸರಿದೆಯೋ ಏನೋ, ನಮ್ಮ ಬೀದಿಯಲ್ಲಿ ಅದಕ್ಕೆ ಹೆಸರು ಬೇಕಿಲ್ಲ.

ಅತ್ತಿಗೆ ಪಿಯುಸಿ ಓದಿದವಳು. ಫಾರಂನ ಎಲ್ಲ ಪುಟಗಳನ್ನೂ ಓದಿದಳು. 'ಯಾದೃಚ್ಛಿಕ' ಎಂಬಲ್ಲಿ ಬೆರಳು ನಿಂತಿತು. ಬಂದವಳು "ಚೀಟಿ ಎತ್ತಿದಂಗೆ ಕಣಮ್ಮ, ಯಾವೂರಿಗೆ ಏನು ಅಂತ ಚೀಟೀಲಿ ಬತ್ತದೆ" ಎಂದಳು. ಇದಕ್ಕಿಂತ ಒಳ್ಳೆಯ ಅನುವಾದ ನನಗೆ ಕಂಡಿಲ್ಲ. ಅತ್ತಿಗೆ ಬಿಡಲಿಲ್ಲ. "ಚೀಟೀಲಿ ನಮ್ಮೂರಿಗೆ ಏನೂ ಬರ್ದೆ ಹೋದ್ರೆ? ರಕ್ತ ಮಾತ್ರ ತಗತೀರಾ ಅಕ್ಕ?"

"ಪರೀಕ್ಷೆ ಎಲ್ಲ ಊರ್ಗೂ ಒಂದೇ. ರಿಪೋರ್ಟ್ ಕೊಡ್ತೀವಿ. ಏನಾರ ಇದ್ರೆ ಆಸ್ಪತ್ರೆಗೆ ಬರ್ಕೊಡ್ತಾರೆ."

ಫಾರಂನಲ್ಲಿ ಇನ್ನೊಂದು ಸಾಲು, ಯಾವಾಗ ಬೇಕಾದರೂ ಕಾರಣ ಹೇಳದೆ ಬಿಡಬಹುದು ಎಂದು. ಅದನ್ನು ನಾನು ಓದಿ ಹೇಳಿದಾಗ ಅವ್ವ ನಕ್ಕಳು. "ಬಿಡೋದೆಂಗೆ? ಬೆಳಗಾದ್ರೆ ನಲ್ಲಿ ಹತ್ರ ಇವಳ ಮುಖಾನೇ ನೋಡ್ಬೇಕಲ್ಲ." ಟ್ರಯಲ್‌ಗಳ ಬಗ್ಗೆ ನಾನು ಓದಿದ ಎಷ್ಟೋ ಪುಸ್ತಕಗಳಿಗಿಂತ ಆ ಮಾತು ಮುಂದೆ ಹೋಗಿತ್ತು. ಊರಿನವಳೇ ಬಂದದ್ದಕ್ಕೆ ಬಾಗಿಲು ತೆರೆಯಿತು. ಊರಿನವಳೇ ಆದ್ದರಿಂದ ಬೇಡ ಎನ್ನುವುದು ಕಷ್ಟ. ಸಹಿ ಅತ್ತಿಗೆಯದು ಒಂದೇ ಸಾಕು ಎಂದರೂ ಅವಳು ಎರಡು ದಿನ ತಡೆದಳು. ಅಣ್ಣ ಹೊಗೆಸೊಪ್ಪಿನ ಬ್ಯಾರನ್ ಕೆಲಸ ಮುಗಿಸಿ ಬಂದ ರಾತ್ರಿ "ನಿನ್ ಮೈ, ನಿನ್ ಇಷ್ಟ" ಎಂದ. ಅದು ಧಾರಾಳವೋ ದಣಿವೋ ನನಗೆ ತಿಳಿಯಲಿಲ್ಲ. ಮಾರನೇ ದಿನ ಅವಳು ಸಹಿ ಹಾಕಿದಳು. ಯಾಕೆ ಎಂದು ಕೇಳಿದ್ದಕ್ಕೆ, "ನಮ್ಮಮ್ಮಂಗೆ ಸಕ್ಕರೆ ಐತೆ. ನಂಗೂ ಬತ್ತದಾ ಅಂತ ಯಾರೂ ಇದುವರ್ಗೂ ನೋಡಿರಲಿಲ್ಲ" ಎಂದಳು.

ರಿಪೋರ್ಟ್ ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ಬರೆದುಕೊಡು ಎಂದು ಅತ್ತಿಗೆ ಪಟ್ಟು ಹಿಡಿದಳು. ಆ ಹೆಂಗಸು ಹಾಳೆಯ ಹಿಂಬದಿಗೆ ಪೆನ್ನಿನಲ್ಲಿ ಬರೆದಳು: ರಕ್ತ ಕಡಿಮೆ ಇದೆ, ಸಕ್ಕರೆ ಇಲ್ಲ. ಅದೀಗ ರೇಷನ್ ಕಾರ್ಡಿನ ಕವರಿನಲ್ಲಿದೆ.

ವಾರದ ಮೇಲೆ ಅವ್ವ ನಲ್ಲಿ ಹತ್ತಿರವೇ ಕೇಳಿದಳಂತೆ, ನನ್ನ ರಕ್ತವನ್ನೂ ನೋಡ್ತೀರಾ ಎಂದು. ನಿಮ್ಮ ವಯಸ್ಸಿನೋರು ಇದ್ರಲ್ಲಿ ಬರಲ್ಲ ಎಂದಳಂತೆ ಆಕೆ. ನಾನೇ ಅವ್ವನನ್ನು ಬಸ್ಸಿನಲ್ಲಿ ಹುಣಸೂರಿಗೆ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿದೆ. ಬರಿಹೊಟ್ಟೆಯಲ್ಲಿ 186 ಇತ್ತು.