ನೆತ್ತರಿನ ತವರನ್ನು ಹುಡುಕಿದವರು

ರಕ್ತವು ಹೃದಯದಿಂದ ಹೊರಟು ಹೃದಯಕ್ಕೇ ಮರಳುವುದೆಂದು ವಿಲಿಯಂ ಹಾರ್ವೆ 1628ರಲ್ಲಿಯೇ ತೋರಿಸಿಕೊಟ್ಟನು. ಆದರೆ ಅದು ಹುಟ್ಟುವುದೆಲ್ಲಿ? ಈ ಪ್ರಶ್ನೆಗೆ ಉತ್ತರ ದೊರೆಯಲು ಮತ್ತೆ 240 ವರ್ಷಗಳು ಬೇಕಾದವು.

ಪ್ರಾಚೀನ ವೈದ್ಯ ಗೇಲೆನ್ ಆ ಕೆಲಸವನ್ನು ಯಕೃತ್ತಿಗೆ ಒಪ್ಪಿಸಿದ್ದನು. ನಮ್ಮ ಆಯುರ್ವೇದವೂ ಅನ್ನರಸವು ಯಕೃತ್ತು, ಪ್ಲೀಹಗಳಲ್ಲಿ ಬಣ್ಣ ಪಡೆದು ರಕ್ತವಾಗುವುದೆಂದಿತು. ಸಪ್ತಧಾತುಗಳ ಸಾಲಿನಲ್ಲಿ ರಕ್ತ ಎರಡನೆಯದು, ಮಜ್ಜೆ ಆರನೆಯದು. ಇದನ್ನು ಕೇಳಿ ನಗಬೇಕಾಗಿಲ್ಲ. ಗರ್ಭಸ್ಥ ಶಿಶುವಿನಲ್ಲಿ ಕೆಲವು ತಿಂಗಳ ಕಾಲ ಯಕೃತ್ತೇ ರಕ್ತಕಣಗಳ ಮುಖ್ಯ ಉತ್ಪಾದಕ.

1868ರಲ್ಲಿ ಪ್ರಷ್ಯಾದ ಕ್ಯೋನಿಗ್ಸ್‌ಬರ್ಗ್ ನಗರದ ಅರ್ನ್‌ಸ್ಟ್ ನಾಯ್‌ಮನ್, ಮೂಳೆಗಳನ್ನು ಹಿಂಡಿ ತೆಗೆದ ಮಜ್ಜೆಯ ರಸವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದನು. ನಮ್ಮ ನಾಳಗಳಲ್ಲಿ ಹರಿಯುವ ಕೆಂಪು ಕಣಕ್ಕೆ ಕೋಶಕೇಂದ್ರವಿಲ್ಲವೆಂದು ತರಗತಿಯಲ್ಲಿ ಹೇಳಿದ್ದು ನಿಮಗೆ ನೆನಪಿರಬಹುದು. ಮಜ್ಜೆಯಲ್ಲಿ ಅವನಿಗೆ ಕಂಡದ್ದು ಕೇಂದ್ರವುಳ್ಳ ಕೆಂಪು ಕಣಗಳು, ಅಂದರೆ ಇನ್ನೂ ಬಲಿಯದವು. ಹಸಿ ಮಡಕೆ ಕಂಡಲ್ಲಿ ಕುಂಬಾರನ ಮನೆ ಇರಲೇಬೇಕಲ್ಲವೆ? ಅದೇ ವರ್ಷ ಇಟಲಿಯ ಬಿಜೊಜೆರೊ ಸ್ವತಂತ್ರವಾಗಿ ಇದೇ ನಿರ್ಣಯಕ್ಕೆ ಬಂದನು. ಮಜ್ಜೆಯೆಂದರೆ ಮೂಳೆಗೆ ಪೋಷಣೆ ನೀಡುವ ಕೊಬ್ಬು ಮಾತ್ರವೆಂದು ನಂಬಿದ್ದ ವಿದ್ವಾಂಸರು ಇದನ್ನು ಸುಲಭವಾಗಿ ಒಪ್ಪಲಿಲ್ಲ. ನಾಯ್‌ಮನ್ ಹಿಂಜರಿಯಲಿಲ್ಲ. 1870ರಲ್ಲಿ ರಕ್ತದ ಕ್ಯಾನ್ಸರಿನಿಂದ ಸತ್ತ ರೋಗಿಯೊಬ್ಬನ ಮಜ್ಜೆ ಬಣ್ಣಗೆಟ್ಟಿದ್ದುದನ್ನು ವರ್ಣಿಸಿ, ರೋಗದ ಮೂಲವೂ ಅಲ್ಲಿಯೇ ಇರಬಹುದೆಂದನು.

ಒಂದು ಮಜ್ಜೆಯಿಂದ ಕೆಂಪು ಕಣ, ಬಿಳಿ ಕಣ, ಕಿರುಬಿಲ್ಲೆಗಳೆಲ್ಲವೂ ಹೇಗೆ ಬರುತ್ತವೆ? ಇದಕ್ಕೆ ಸಾಕ್ಷ್ಯ ಸಿಕ್ಕಿದ ದಾರಿ ಮಾತ್ರ ಕ್ರೂರವಾದುದು. 1945ರಲ್ಲಿ ಹಿರೋಶಿಮಾದ ಬಾಂಬಿನಿಂದ ಬದುಕುಳಿದ ಅನೇಕರು, ವಿಕಿರಣಕ್ಕೆ ಮಜ್ಜೆ ನಾಶವಾಗಿ, ವಾರಗಳ ನಂತರ ಸತ್ತರು. ವಿಕಿರಣದ ಪರಿಣಾಮ ಎಲ್ಲೆಡೆ ಸಂಶೋಧನೆಯ ವಿಷಯವಾಯಿತು. ಟೊರಾಂಟೊದಲ್ಲಿ ಜೇಮ್ಸ್ ಟಿಲ್ ಎಂಬ ಭೌತವಿಜ್ಞಾನಿಯೂ ಅರ್ನೆಸ್ಟ್ ಮೆಕಲಾಕ್ ಎಂಬ ವೈದ್ಯರೂ ಇಲಿಗಳ ಮಜ್ಜೆಯನ್ನು ವಿಕಿರಣದಿಂದ ನಾಶಪಡಿಸಿ, ಬೇರೆ ಇಲಿಗಳ ಮಜ್ಜೆಕಣಗಳನ್ನು ಅವುಗಳಿಗೆ ಚುಚ್ಚಿದರು. ಹತ್ತು ದಿನಗಳ ಮೇಲೆ ಪ್ಲೀಹದಲ್ಲಿ ಸಣ್ಣ ಸಣ್ಣ ಗಂಟುಗಳೆದ್ದಿದ್ದವು, ಸರಿಸುಮಾರು ಹತ್ತು ಸಾವಿರ ಕಣಗಳಿಗೆ ಒಂದರಂತೆ. 1961ರಲ್ಲಿ ಇದನ್ನು ಪ್ರಕಟಿಸಿದರು. ಒಂದೊಂದು ಗಂಟೂ ಒಂದೇ ಕೋಶದ ಸಂತಾನವೆಂದು 1963ರಲ್ಲಿ ಆಂಡ್ರ್ಯೂ ಬೆಕರ್ ಜೊತೆಗೂಡಿ ತೋರಿಸಿದರು. ಪತ್ರಿಕೆಗಳಲ್ಲಿ ನೀವು ಓದುವ ಸ್ಟೆಮ್ ಸೆಲ್, ಆಕರಕೋಶ, ಇದೇ. ಇಬ್ಬರಿಗೂ ನೊಬೆಲ್ ಬಾರದಿದ್ದುದು ನನ್ನ ಮಟ್ಟಿಗೆ ಅನ್ಯಾಯವೇ. ಮಜ್ಜೆಯ ಕಸಿಯನ್ನು ಚಿಕಿತ್ಸೆಯಾಗಿ ರೂಪಿಸಿದ ಡೊನಾಲ್ ಥಾಮಸ್‌ಗೆ 1990ರಲ್ಲಿ ಅದು ಸಂದಿತು.

ನಮ್ಮ ದೇಶದಲ್ಲಿ ಆ ಕಸಿ ಮೊದಲು ನಡೆದದ್ದು 1983ರಲ್ಲಿ, ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ. ಮಜ್ಜೆ ಕೊಟ್ಟರೆ ಸೊಂಟ ಬಿದ್ದುಹೋಗುವುದೆಂದು ಬಂಧುಗಳಲ್ಲಿ ಕೆಲವರು ಇಂದಿಗೂ ಅಂಜುತ್ತಾರೆ. ಅಸ್ಥಿಮಜ್ಜೆ ಬೇರೆ, ಬೆನ್ನುಹುರಿ ಬೇರೆ. ಮಜ್ಜೆ ತೆಗೆಯುವುದು ಅರಿವಳಿಕೆ ಕೊಟ್ಟು, ಸೊಂಟದ ಮೂಳೆಯಿಂದ. ತೆಗೆದಷ್ಟು ಕೆಲವು ವಾರಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ಈಗಂತೂ ಬಹುಪಾಲು ದಾನಿಗಳಿಂದ ಆಕರಕೋಶಗಳನ್ನು ಪಡೆಯುವುದು ತೋಳಿನ ರಕ್ತನಾಳದ ಮೂಲಕವೇ.