ಕಡತದ ಹೆಸರು ಮತ್ತು ಹುರುಳು: ಗಣಕಯಂತ್ರದ ಇತಿಹಾಸದಲ್ಲಿ ಒಂದು ವಿಚಾರ

ಶಾಸನವೊಂದು ದೊರೆತಾಗ ನಾವು ಎರಡು ಬಗೆಯ ಸಾಕ್ಷ್ಯಗಳನ್ನು ನೋಡುತ್ತೇವೆ. ಶಾಸನವು ತನ್ನ ವಿಷಯದಲ್ಲಿ ತಾನೇ ಹೇಳಿಕೊಳ್ಳುವ ಮಾತು ಒಂದು. ಅದರ ಲಿಪಿ, ಭಾಷೆಗಳು ನುಡಿಯುವ ಮಾತು ಇನ್ನೊಂದು. ಇವೆರಡೂ ಹೊಂದದಿದ್ದರೆ ಅದು ಕೂಟಶಾಸನವೆಂದು ಶಂಕಿಸುತ್ತೇವೆ. ಗಣಕಯಂತ್ರವು ತನ್ನಲ್ಲಿರುವ ಕಡತವನ್ನು ಯಾವ ತಂತ್ರಾಂಶದಿಂದ ತೆರೆಯಬೇಕೆಂದು ನಿರ್ಣಯಿಸುವ ಕ್ರಮವೂ ಬಹುಮಟ್ಟಿಗೆ ಇಂತಹುದೇ ಆಗಿದೆ. ಹುಣಸೆಬೀಜದ ಅಂಟನ್ನೂ ಇದ್ದಿಲನ್ನೂ ಲೇಪಿಸಿದ ಬಟ್ಟೆಯ ಮೇಲೆ ಬಳಪದಿಂದ ಬರೆದಿಡುತ್ತಿದ್ದ ಹಿಂದಿನ ಕಡತಕ್ಕೆ ಕಣ್ಣೂ ಲಿಪಿಜ್ಞಾನವೂ ಸಾಕಾಗಿದ್ದವು. ಇಂದಿನ ಕಡತವಾದರೋ ಸೊನ್ನೆ ಮತ್ತು ಒಂದುಗಳ ಸಾಲು. ಓದುವ ತಂತ್ರಾಂಶವು ತಪ್ಪಿದರೆ ಅದು ಇದ್ದೂ ಇಲ್ಲದಂತೆಯೇ ಸರಿ.

ಹೆಸರಿನಿಂದ ಗುರುತಿಸುವ ಪದ್ಧತಿಯು ಹಳೆಯದು. ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ 1961ರಲ್ಲಿ ಮೊದಲು ಪ್ರದರ್ಶಿತವಾದ ಸಿ.ಟಿ.ಎಸ್.ಎಸ್. ವ್ಯವಸ್ಥೆಯಲ್ಲಿ ಕಡತಕ್ಕೆ ಎರಡು ಹೆಸರುಗಳಿದ್ದವು. ಎರಡನೆಯದು ಅದರ ಜಾತಿಯನ್ನು ಸೂಚಿಸುತ್ತಿತ್ತು. ಮುಂದೆ ಡಿಜಿಟಲ್ ಇಕ್ವಿಪ್‌ಮೆಂಟ್ ಸಂಸ್ಥೆಯ ಪಿ.ಡಿ.ಪಿ.-10 ಯಂತ್ರದಲ್ಲಿ ಹೆಸರಿಗೆ ಆರು ಅಕ್ಷರ, ಜಾತಿಸೂಚಕಕ್ಕೆ ಮೂರು ಅಕ್ಷರ ಎಂದಾಯಿತು. ಮೂರೇ ಏಕೆ? ಆ ಯಂತ್ರದ ಒಂದು ಪದದಲ್ಲಿ 36 ಬಿಟ್ಟುಗಳು; ಅಕ್ಷರವೊಂದಕ್ಕೆ 6 ಬಿಟ್ಟುಗಳು. ಹೆಸರು ಒಂದು ಪದವನ್ನು ತುಂಬಿತು, ಸೂಚಕವು ಅರ್ಧ ಪದದಲ್ಲಿ ಅಡಗಿತು. ಗ್ಯಾರಿ ಕಿಲ್ಡಾಲ್ ಅವರು 1974ರಲ್ಲಿ ಸಿ.ಪಿ./ಎಂ. ರಚಿಸಿದಾಗ ಹೆಸರಿನ ಅಕ್ಷರಗಳು ಎಂಟಾದವು, ಸೂಚಕದ ಮೂರು ಹಾಗೆಯೇ ಉಳಿದವು, 1981ರ ಎಂ.ಎಸ್.-ಡಾಸ್ ಅದನ್ನೇ ಅನುಸರಿಸಿತು. 36 ಬಿಟ್ಟಿನ ಆ ಯಂತ್ರಗಳು ಬಳಕೆಯಿಂದ ಮರೆಯಾದರೂ ಅವುಗಳ ಅರ್ಧ ಪದದ ಅಳತೆಯು ಇಂದಿಗೂ ನಮ್ಮ ಕಡತಗಳ ಬಾಲದಲ್ಲಿ ಕಾಣಿಸುತ್ತಿದೆ. ಸಂಪ್ರದಾಯವು ಕಾರಣವನ್ನು ಮರೆತು ಬಾಳುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ಕಷ್ಟ.

ಆಂತರಿಕ ಸಾಕ್ಷ್ಯವನ್ನು ಆಶ್ರಯಿಸಿದುದು ಯುನಿಕ್ಸ್. ಪಿ.ಡಿ.ಪಿ.-11 ಯಂತ್ರದ ಕಾರ್ಯಗತ ಕಡತಗಳ ಮೊದಲಲ್ಲಿ ಅಷ್ಟಮಾನ ಸಂಖ್ಯೆಯಾದ 407 ಇರುತ್ತಿತ್ತು. ಮೂಲತಃ ಅದು ಗುರುತಲ್ಲ. ಪೀಠಿಕಾಭಾಗವನ್ನು ದಾಟಿ ಮುಂದಕ್ಕೆ ಹೋಗೆಂದು ಯಂತ್ರಕ್ಕೆ ಕೊಟ್ಟ ಆಜ್ಞೆ. ಕ್ರಮೇಣ ಆಜ್ಞೆಯೇ ಲಾಂಛನವಾಗಿ ‘ಮಾಂತ್ರಿಕ ಸಂಖ್ಯೆ’ ಎನಿಸಿತು. 1973ರ ಯುನಿಕ್ಸಿನಲ್ಲಿ ಬಂದ ‘ಫೈಲ್’ ಎಂಬ ಆದೇಶವು ಹೆಸರನ್ನು ನಂಬದೆ ಕಡತದ ಒಳಗನ್ನೇ ಪರೀಕ್ಷಿಸಿ ಜಾತಿಯನ್ನು ಹೇಳುತ್ತದೆ. ಇಂತಹ ಲಾಂಛನಗಳಲ್ಲಿ ಕೆಲವು ಕರ್ತೃವಿನ ಅಂಕಿತಗಳೂ ಹೌದು: ಡಾಸ್ ಕಾರ್ಯಕ್ರಮಗಳ ಮೊದಲಿನ ‘ಎಂ.ಜೆಡ್.’ ಎಂಬುದು ಮಾರ್ಕ್ ಜ್ಬಿಕೌಸ್ಕಿ ಅವರ ಹೆಸರಿನ ಆದ್ಯಕ್ಷರಗಳು. ಜಿಪ್ ಕಡತದ ‘ಪಿ.ಕೆ.’ ಫಿಲ್ ಕಾಟ್ಜ್ ಅವರವು. ಆದರೂ ಈ ಸಾಕ್ಷ್ಯವೂ ಪೂರ್ಣವಲ್ಲ. 2007ರಿಂದ ಬಳಕೆಗೆ ಬಂದ ವರ್ಡ್ ಕಡತವು ವಸ್ತುತಃ ಒಂದು ಜಿಪ್ ಪೆಟ್ಟಿಗೆಯಾದುದರಿಂದ ಅದರ ಮೊದಲಲ್ಲಿಯೂ ‘ಪಿ.ಕೆ.’ ಎಂದೇ ಇದೆ.

1984ರ ಮೆಕಿಂಟಾಷ್ ಯಂತ್ರವು ಬೇರೊಂದು ದಾರಿಯನ್ನು ಹಿಡಿಯಿತು. ಕಡತದ ಜಾತಿಗೆ ನಾಲ್ಕು ಅಕ್ಷರ, ಅದನ್ನು ರಚಿಸಿದ ತಂತ್ರಾಂಶಕ್ಕೆ ನಾಲ್ಕು ಅಕ್ಷರ. ಇವು ಹೆಸರಿನಲ್ಲಿಯೂ ಇಲ್ಲ, ಹುರುಳಿನಲ್ಲಿಯೂ ಇಲ್ಲ, ಪ್ರತ್ಯೇಕವಾಗಿ ದಾಖಲಾಗಿರುತ್ತಿದ್ದವು. ಒಂದೇ ಜಾತಿಯ ಎರಡು ಕಡತಗಳು ತಮ್ಮ ತಮ್ಮ ಕರ್ತೃಗಳಲ್ಲಿಗೇ ಮರಳುತ್ತಿದ್ದವು. ನಮ್ಮ ದೃಷ್ಟಿಯಲ್ಲಿ ಈ ಎಲ್ಲ ಪದ್ಧತಿಗಳಲ್ಲಿ ಇದೇ ಅತ್ಯಂತ ವಿವೇಕಯುತವಾದುದು. ಆದರೆ ಕಡತವು ಅನ್ಯ ಯಂತ್ರಕ್ಕೆ ಸಾಗಿದೊಡನೆ ಈ ದಾಖಲೆಯು ಹಿಂದೆಯೇ ಉಳಿಯುತ್ತಿತ್ತು. ಜಾಲಗಳು ಬೆಳೆದಂತೆ ಪದ್ಧತಿಯು ಕ್ಷೀಣಿಸಿ, 2009ರ ಆವೃತ್ತಿಯಲ್ಲಿ ಕರ್ತೃಸೂಚಕವನ್ನು ಗಣಿಸುವುದು ನಿಂತಿತು.

ವಿಂಡೋಸ್ 95 ಹೆಸರಿನ ಬಾಲವನ್ನೇ ನಂಬಿ, ಬಾಲಕ್ಕೂ ತಂತ್ರಾಂಶಕ್ಕೂ ಇರುವ ಸಂಬಂಧವನ್ನು ‘ರಿಜಿಸ್ಟ್ರಿ’ ಎಂಬ ಖಾತೆಯಲ್ಲಿ ಬರೆದಿಟ್ಟಿತು. ಅಷ್ಟಕ್ಕೇ ನಿಲ್ಲದೆ, ಪರಿಚಿತ ಬಾಲಗಳನ್ನು ಬಳಕೆದಾರನ ಕಣ್ಣಿನಿಂದ ಮರೆಮಾಡಿತು. ಇದರ ಫಲವು 2000ದ ಮೇ ತಿಂಗಳಲ್ಲಿ ಕಂಡಿತು. ಪ್ರೇಮಪತ್ರವೆಂಬ ಹೆಸರನ್ನು ಹೊತ್ತು ಫಿಲಿಪೀನ್ಸಿನಿಂದ ಹೊರಟ ಕಡತಕ್ಕೆ ಎರಡು ಬಾಲಗಳಿದ್ದವು: ಮೊದಲನೆಯದು ಸಾಧು ಬರಹದ ‘ಟಿ.ಎಕ್ಸ್.ಟಿ.’, ಕೊನೆಯದು ಕಾರ್ಯಗತವಾಗುವ ‘ವಿ.ಬಿ.ಎಸ್.’ ಯಂತ್ರವು ಕೊನೆಯದನ್ನು ಮರೆಮಾಡಿದ್ದರಿಂದ ಅನೇಕರು ಬರಹವೆಂದು ಬಗೆದು ತೆರೆದರು. ಕಡತವು ಅವರ ವಿಳಾಸಪಟ್ಟಿಯಲ್ಲಿದ್ದವರಿಗೆಲ್ಲ ತನ್ನ ಪ್ರತಿಗಳನ್ನು ಕಳುಹಿಸಿತು. ಮುದ್ರೆಯನ್ನು ನಂಬೆಂದು ಹೇಳಿ ಮುದ್ರೆಯನ್ನೇ ಮುಚ್ಚಿಟ್ಟ ಆಡಳಿತಕ್ಕೆ ಬೇರೆ ಫಲವನ್ನು ನಿರೀಕ್ಷಿಸುವಂತಿರಲಿಲ್ಲ.

ಈ ವಿಚಾರವು ಇತಿಹಾಸದ ವಿದ್ಯಾರ್ಥಿಗಳಾದ ನಮಗೆ ದೂರದ್ದಲ್ಲ. ‘ನುಡಿ’, ‘ಬರಹ’ ಮೊದಲಾದ ತಂತ್ರಾಂಶಗಳ ಹಳೆಯ ಲಿಪಿವಿನ್ಯಾಸಗಳಲ್ಲಿ ಬೆರಳಚ್ಚಾದ ಕನ್ನಡ ಲೇಖನವನ್ನು ಇಂದು ತೆರೆದರೆ, ಬಾಲವು ಸರಿಯಾಗಿರುತ್ತದೆ, ಮಾಂತ್ರಿಕ ಸಂಖ್ಯೆಯೂ ಸರಿಯಾಗಿರುತ್ತದೆ, ತಕ್ಕ ತಂತ್ರಾಂಶವೂ ತೆರೆದುಕೊಳ್ಳುತ್ತದೆ; ಆದರೆ ಪರದೆಯ ಮೇಲೆ ಕಾಣುವುದು ರೋಮನ್ ಅಕ್ಷರಗಳ ಗೊಂದಲ. ಆಗ ಕನ್ನಡದ ಅಕ್ಷರಭಾಗಗಳನ್ನು ರೋಮನ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕೂರಿಸಲಾಗಿತ್ತು. ಆ ಲಿಪಿವಿನ್ಯಾಸವು ಯಂತ್ರದಲ್ಲಿಲ್ಲದಿದ್ದರೆ ಕನ್ನಡವಿಲ್ಲ. ಜಾತಿಯನ್ನು ಹೇಳುವ ಯಾವ ಗುರುತೂ ಈ ಸಂಗತಿಯನ್ನು ಹೇಳುವುದಿಲ್ಲ. ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರವು 2002ರಿಂದ ‘ಪ್ರೊನಮ್’ ಎಂಬ ಕಡತಜಾತಿಗಳ ಕೋಶವನ್ನು ಬೆಳೆಸುತ್ತ ಬಂದಿದೆ. ನಮ್ಮ ವಿಭಾಗಗಳಲ್ಲಿ ಸಂಗ್ರಹವಾಗುವ ಶಾಸನಪಾಠಗಳಿಗೂ ಪ್ರಬಂಧಗಳಿಗೂ, ಕಡತದ ಜಾತಿಯೊಡನೆ ಬಳಸಿದ ಲಿಪಿವಿನ್ಯಾಸದ ಹೆಸರನ್ನೂ ಆವೃತ್ತಿಯನ್ನೂ ಬರೆದಿಡುವ ಖಾತೆಯೊಂದು ಬೇಕು; ಬೆರಳಚ್ಚು ಮಾಡಿದವರು ನಮ್ಮ ನಡುವೆ ಇರುವಾಗಲೇ ಅವರನ್ನು ಕೇಳಿ ಅದನ್ನು ತುಂಬಿಸಬಹುದು.