ಚೀಸ್, ತಲೆನೋವು ಮತ್ತು ಒಂದು ಕಾಗದ: ಖಿನ್ನತೆಯ ಮಾತ್ರೆಗಳ ಹಳೇ ಕಥೆ

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ಮೆಟ್ರೋದಲ್ಲೋ ಇದನ್ನ ಕೇಳ್ತಾ ಇರ್ತೀರಿ ಅಂದ್ಕೊಂಡಿದ್ದೀನಿ. ಇವತ್ತಿನ ಕಥೆ ಶುರುವಾಗೋದು ಒಂದು ಕಾಗದದಿಂದ.

1963, ಇಂಗ್ಲೆಂಡ್. ನಾಟಿಂಗ್‌ಹ್ಯಾಮ್‌ನ ಒಬ್ಬ ಫಾರ್ಮಸಿಸ್ಟ್, ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯ ಯುವ ವೈದ್ಯ ಬ್ಯಾರಿ ಬ್ಲ್ಯಾಕ್‌ವೆಲ್‌ಗೆ ಒಂದು ಕಾಗದ ಬರೀತಾರೆ. ವಿಷಯ ಇಷ್ಟೇ: ಅವರ ಹೆಂಡತಿ ಖಿನ್ನತೆಯ ಮಾತ್ರೆ ತಗೊಳ್ತಿದ್ರು. ಚೀಸ್ ತಿಂದಾಗ ಮಾತ್ರ ತಲೆ ಸಿಡಿಯೋ ಹಾಗೆ ನೋವು, ಎದೆ ಡವಡವ. ಬೆಣ್ಣೆ, ಹಾಲಿಂದ ಏನೂ ಆಗ್ತಿರಲಿಲ್ಲ. ಚೀಸ್‌ಗೂ ಮಾತ್ರೆಗೂ ಏನಾದ್ರೂ ಸಂಬಂಧ ಇದೆಯಾ?

ಕೇಳಿದವರಿಗೆ ಇದು ತಮಾಷೆ ಅನ್ನಿಸಿತು. ಚೀಸ್ ತಿಂದ್ರೆ ಬಿಪಿ ಏರುತ್ತಾ? ಬ್ಲ್ಯಾಕ್‌ವೆಲ್ ಕೂಡ ಮೊದಲು ಅದನ್ನ ಗಂಭೀರವಾಗಿ ತಗೊಳ್ಳಲಿಲ್ಲ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗೋಣ. 1952ರಲ್ಲಿ ನ್ಯೂಯಾರ್ಕ್‌ನ ಸೀ ವ್ಯೂ ಆಸ್ಪತ್ರೆಯಲ್ಲಿ ಕ್ಷಯ ರೋಗಿಗಳಿಗೆ ಐಪ್ರೋನಿಯಾಜಿಡ್ ಅನ್ನೋ ಹೊಸ ಔಷಧ ಕೊಟ್ಟರು. ಹಾಸಿಗೆ ಹಿಡಿದಿದ್ದವರು ಎದ್ದು ಓಡಾಡೋಕೆ, ನಗೋಕೆ ಶುರು ಮಾಡಿದ್ರು. ಅದನ್ನ 1957ರ ಹೊತ್ತಿಗೆ ನೇಥನ್ ಕ್ಲೈನ್ ಮತ್ತವರ ಜೊತೆಗಾರರು ಖಿನ್ನತೆ ಇರೋರಿಗೆ ಕೊಟ್ಟು ನೋಡಿದ್ರು. ಅಂದ್ರೆ ಮೊದಲ ಖಿನ್ನತೆ ಮಾತ್ರೆಗಳಲ್ಲೊಂದು ಹುಟ್ಟಿದ್ದೇ ಇನ್ನೊಂದು ರೋಗದ ಔಷಧದ ಅಡ್ಡ ಪರಿಣಾಮದಿಂದ! ಆಮೇಲೆ ಲಿವರ್‌ಗೆ ಪೆಟ್ಟು, ಕಾಮಾಲೆ ಅಂತ ದೂರು ಬಂದು, 1961ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಅದನ್ನ ತೆಗೆದ್ರು. ಅದೇ ಜಾತಿಯ ಬೇರೆ ಮಾತ್ರೆಗಳು ಉಳಿದವು. ಆ ಕಾಗದದಲ್ಲಿದ್ದದ್ದು ಅಂಥ ಒಂದು ಮಾತ್ರೆ.

ಈ ಜಾತಿ ಮಾಡೋ ಕೆಲಸ ಏನು ಅಂದ್ರೆ, ಎಂಎಒ ಅನ್ನೋ ಕಿಣ್ವವನ್ನ ತಡೆಯೋದು. ಮಿದುಳಿನಲ್ಲಿ ಸೆರೊಟೋನಿನ್ ಥರದ ರಾಸಾಯನಿಕಗಳನ್ನ ಒಡೆಯೋದು ಈ ಕಿಣ್ವ. ಅದನ್ನ ತಡೆದ್ರೆ ಅವು ಹೆಚ್ಚು ಹೊತ್ತು ಉಳಿಯುತ್ತವೆ. ಸರಿ. ಆದ್ರೆ ಅದೇ ಕಿಣ್ವ ಕರುಳಲ್ಲೂ ಲಿವರ್‌ನಲ್ಲೂ ಇದೆ. ಅಲ್ಲಿ ಅದು ಊಟದಲ್ಲಿ ಬರೋ ಟೈರಮಿನ್ ಅನ್ನೋ ವಸ್ತುವನ್ನ ಒಡೆದು ಹಾಕುತ್ತೆ. ಅಲ್ಲೂ ತಡೆದ್ರೆ ಟೈರಮಿನ್ ನೇರ ರಕ್ತಕ್ಕೆ ಹೋಗಿ, ಬಿಪಿ ಒಮ್ಮೆಲೇ ಮೇಲಕ್ಕೆ. ಕೆಲವರಿಗೆ ಮಿದುಳಲ್ಲಿ ರಕ್ತಸ್ರಾವ ಆಗಿ ಜೀವವೇ ಹೋಗಿದೆ. ಟೈರಮಿನ್ ಹೆಸರಿನ ಮೂಲ, ಗ್ರೀಕ್‌ನಲ್ಲಿ ಚೀಸ್ ಅನ್ನೋ ಪದ. ಸುಳಿವು ಹೆಸರಲ್ಲೇ ಇತ್ತು ನೋಡಿ.

ಕೊನೆಗೆ ಬ್ಲ್ಯಾಕ್‌ವೆಲ್ ಬೆನ್ನು ಹತ್ತಿದ್ರು. ಅದೇ ವರ್ಷ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದ್ರು. ಹಳೇ ಚೀಸ್, ಯೀಸ್ಟ್ ಸಾರದ ತಿನಿಸು ಬೇಡ ಅನ್ನೋ ಎಚ್ಚರಿಕೆ ಮಾತ್ರೆ ಜೊತೆ ಬರೋಕೆ ಶುರುವಾಯ್ತು. (ಪನೀರ್ ಬಗ್ಗೆ ಕೇಳ್ತೀರಿ, ಗೊತ್ತು. ಹುಳಿಸಿ ತಿಂಗಳುಗಟ್ಟಲೆ ಇಟ್ಟಷ್ಟೂ ಟೈರಮಿನ್ ಜಾಸ್ತಿ. ತಾಜಾ ಪನೀರ್‌ನಲ್ಲಿ ಕಡಿಮೆ.) ನನಗಂತೂ ಈ ಕಥೆಯಲ್ಲಿ ಇಷ್ಟ ಆಗೋದು ಮನೆ ಊಟದ ಲೆಕ್ಕ ಇಟ್ಟ ಆ ಫಾರ್ಮಸಿಸ್ಟ್.

ಇಷ್ಟಾದ ಮೇಲೂ 1984ರಲ್ಲಿ ಏನಾಯ್ತು ಕೇಳಿ. ನ್ಯೂಯಾರ್ಕ್‌ನಲ್ಲಿ ಲಿಬ್ಬಿ ಝಯಾನ್ ಅಂತ 18 ವರ್ಷದ ಕಾಲೇಜು ಹುಡುಗಿ. ಇದೇ ಜಾತಿಯ ಫೆನೆಲ್ಜೈನ್ ತಗೊಳ್ತಿದ್ಲು. ಮಾರ್ಚ್ 4ರ ರಾತ್ರಿ ಜ್ವರ, ನಡುಕ ಅಂತ ಆಸ್ಪತ್ರೆಗೆ ಸೇರಿಸಿದ್ರು. ನಡುಕ ನಿಲ್ಲಿಸೋಕೆ ಪೆಥಿಡಿನ್ ಚುಚ್ಚಿದ್ರು. ಇವೆರಡೂ ಸೇರಬಾರದ ಔಷಧಗಳು. ಜ್ವರ ಏರುತ್ತಾ ಹೋಯ್ತು, ಬೆಳಗ್ಗೆ ಹುಡುಗಿ ಇಲ್ಲ. ಸಾವಿನ ಕಾರಣದ ಬಗ್ಗೆ ಕೋರ್ಟಲ್ಲಿ ವರ್ಷಗಟ್ಟಲೆ ವಾದ ನಡೀತು. ಅವಳನ್ನ ನೋಡ್ಕೊಂಡವರು ದಣಿದಿದ್ದ ಟ್ರೈನಿ ಡಾಕ್ಟರ್‌ಗಳು ಅಂತ ಅಪ್ಪ ಹೋರಾಡಿದ್ರು. 1989ರಲ್ಲಿ ನ್ಯೂಯಾರ್ಕ್ ರಾಜ್ಯ ಟ್ರೈನಿ ಡಾಕ್ಟರ್‌ಗಳ ಡ್ಯೂಟಿಗೆ ವಾರಕ್ಕೆ 80 ಗಂಟೆಯ ಮಿತಿ ಹಾಕ್ತು. ಡಾಕ್ಟರ್ ನಿದ್ದೆ ಬಗ್ಗೆ ಕಾನೂನು ಬಂತು, ಒಳ್ಳೇದೇ. ಔಷಧಗಳ ಜಗಳ ಮಾತ್ರ ಆ ಗದ್ದಲದಲ್ಲಿ ಸ್ವಲ್ಪ ಹಿಂದೆ ಸರೀತು ಅನ್ಸುತ್ತೆ.

ಇವತ್ತು ಹೆಚ್ಚಿನವರಿಗೆ ಬರೆದುಕೊಡೋದು ಫ್ಲೂಆಕ್ಸೆಟಿನ್, ಎಸ್ಸಿಟಲೋಪ್ರಾಮ್ ಥರದವು. ಇವಕ್ಕೆ ಚೀಸ್ ಪಥ್ಯ ಇಲ್ಲ. ಆದ್ರೆ ಜೊತೆಗೆ ಟ್ರಮಡಾಲ್ ನೋವಿನ ಮಾತ್ರೆಯೋ, ಡೆಕ್ಸ್‌ಟ್ರೋಮೆಥಾರ್ಫನ್ ಇರೋ ಕೆಮ್ಮಿನ ಸಿರಪ್ಪೋ ಸೇರಿದ್ರೆ ಸೆರೊಟೋನಿನ್ ಅತಿಯಾಗಿ ನಡುಕ, ಜ್ವರ, ಗೊಂದಲ ಬರಬಹುದು. ಹಾಗಾದ್ರೆ ತಡ ಮಾಡದೆ ಆಸ್ಪತ್ರೆಗೆ. ಎಂಎಒ ಮಾತ್ರೆ ಬಿಟ್ಟು ಇವಕ್ಕೆ ಬದಲಾಗೋಕೆ 14 ದಿನ ಬಿಡುವು ಬೇಕು, ಯಾಕಂದ್ರೆ ದೇಹ ಹೊಸ ಕಿಣ್ವ ಮಾಡ್ಕೊಳ್ಳಬೇಕು. ಫ್ಲೂಆಕ್ಸೆಟಿನ್‌ನಿಂದ ಆ ಕಡೆ ಹೋಗೋಕೆ 5 ವಾರ. ಅದು ದೇಹದಿಂದ ಅಷ್ಟು ನಿಧಾನವಾಗಿ ಹೋಗುತ್ತೆ.

ಇದನ್ನ ಕೇಳಿ ಹೆದರಿ ಇವತ್ತೇ ಮಾತ್ರೆ ಬಿಡಬೇಡಿ ಮತ್ತೆ! ಥಟ್ಟಂತ ಬಿಟ್ರೆ ತಲೆಸುತ್ತು, ನಿದ್ದೆಗೇಡು ಬರಬಹುದು. ಡೋಸ್ ಇಳಿಸೋದು ಡಾಕ್ಟರ್ ಹೇಳಿದ ಹಾಗೆ, ನಿಧಾನಕ್ಕೆ. ಮೆಡಿಕಲ್ ಶಾಪ್‌ನಲ್ಲಿ ಕೆಮ್ಮಿನ ಸಿರಪ್ ಕೇಳೋವಾಗ ನೀವು ತಗೊಳ್ತಿರೋ ಮಾತ್ರೆಯ ಸ್ಟ್ರಿಪ್ ತೋರಿಸಿ. ಮನಸ್ಸು ತೀರಾ ಭಾರ ಆದ್ರೆ ಟೆಲಿ ಮಾನಸ್, 14416, ದಿನದ 24 ಗಂಟೆಯೂ, ಕನ್ನಡದಲ್ಲೂ ಮಾತಾಡ್ತಾರೆ.